ಮಲಗಿ ಕೇಳಿದ ಕತೆ

ಗ್ರಂಥಾಲಯದಲ್ಲಿ ಮಲಗಬಾರದು ಎನ್ನುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು. ಸುರಪುರದ ನಮ್ಮ ಶಾಲೆಯಲ್ಲಿ ನಾವು ಮಲಗಿಯೇ ಕತೆ ಕೇಳಿದವರು. ಬೇಸಿಗೆಯಲ್ಲಿ ಊಟದ ನಂತರ ಕರೆಂಟು ಹೋದರೆ, ನಾವು ಅಕ್ಕೋರು ಎಂದು ಕರೆಯುತ್ತಿದ್ದ ಗ್ರಂಥಪಾಲಕಿ ಕಿಟಕಿಗಳನ್ನು ಅರೆ ಮುಚ್ಚಿ, ಫರಸಿ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ತಣ್ಣನೆಯ ಕಲ್ಲಿಗೆ ಕೆನ್ನೆಯಿಟ್ಟು ನಾವು ಒರಗುತ್ತಿದ್ದೆವು. ಅವರು ಓದುತ್ತಿದ್ದರು.

ಒಮ್ಮೆ ಅವರು ಓದಿದ್ದು ಕಳೆದುಹೋದ ದೋಣಿಯನ್ನು ಹುಡುಕುವ ಅಂಬಿಗನ ಕತೆ. ಕೊನೆಗೆ ಅವನು ಯಾರದೋ ಮನೆಯ ಬಾಗಿಲು ತೆರೆದಾಗ ನಮ್ಮ ಬೋನಾಳದ ಕೆರೆಯೇ ಹಕ್ಕಿಗಳ ಸಮೇತ ಒಳಗೆ ಹರಿದು ಬಂದಿತು. ಆ ಭಾಗವನ್ನು ಮತ್ತೆ ಓದಬೇಕೆಂದು ಮರುವಾರ ಪುಸ್ತಕ ತೆಗೆದರೆ ಕೆರೆಯೂ ಇಲ್ಲ, ಹಕ್ಕಿಯೂ ಇಲ್ಲ.

"ಯಾರೋ ಹಾಳಿ ಹರದಾರ್ರಿ ಅಕ್ಕೋರ!" ಎಂದು ಜಗಳಕ್ಕೇ ಹೋದೆ.

ಅವರು ಪುಟಗಳನ್ನೆಲ್ಲ ತಿರುವಿ ನೋಡಿ ನಕ್ಕರು. "ಯಾರೂ ಹರದಿಲ್ಲವ್ವ. ನಿಮಗೆಲ್ಲ ನಿದ್ದಿ ಹತ್ತಿದ ಮ್ಯಾಲ ನಾ ಓದೂದು ಬಿಟ್ಟಿದ್ದೆ. ಆ ಕೆರಿ ನಿಂದು. ಈಗ ನೀ ಹೇಳು, ನಾ ಮಲಗತೀನಿ."

ಹೇಳಿದಂತೆಯೇ ತೋಳನ್ನು ತಲೆದಿಂಬು ಮಾಡಿಕೊಂಡು ನೆಲಕ್ಕೊರಗಿ ಕಣ್ಣು ಮುಚ್ಚಿದರು. ನಾನು ತಡವರಿಸುತ್ತ ಹೇಳತೊಡಗಿದೆ. ಅಂಬಿಗ ಬಾಗಿಲು ತೆರೆದ, ನೀರು ಒಳಗೆ ಬಂತು ಎಂದಾಗಲೂ ಅಕ್ಕೋರು ಕಣ್ಣು ತೆರೆಯಲಿಲ್ಲ. ಒದ್ದೆಯಾದೀತೆಂಬಂತೆ ಸೀರೆಯ ಅಂಚನ್ನು ಮೆಲ್ಲಗೆ ಮೇಲಕ್ಕೆಳೆದುಕೊಂಡರು.