ದಂಡೋತಿಗೆ ದಾರಿ ಕೇಳಿದವರು

ಗೋದಾವರಿ ದಂಡೆಯವರೆಗೆ ಒಬ್ಬಳೇ ಬೈಕಿನಲ್ಲಿ ಹೋಗಿ, ತಾಂಡೂರು, ಚಿಂಚೋಳಿ ಹಾದು ಶಹಾಬಾದಿನ ಮನೆಗೆ ಮರಳುತ್ತಿದ್ದೆ. ಶಾಲೆಗೆ ಬೇಸಿಗೆ ರಜೆ. ಐವತ್ತರ ಹತ್ತಿರ ಬಂದ ಟೀಚರ್ ಹೀಗೆ ತಿರುಗುವುದು ಮನೆಯಲ್ಲಿ ಯಾರಿಗೂ ಸರಿಬಂದಿರಲಿಲ್ಲ. ಅಷ್ಟು ದೂರದ ಕಾಡುದಾರಿಯಲ್ಲಿ ಏನೂ ಆಗಿರಲಿಲ್ಲ, ಇನ್ನು ಉಳಿದದ್ದು ನನ್ನದೇ ಸೀಮೆ. ಆ ಧೈರ್ಯದಲ್ಲೇ ನಡುಮಧ್ಯಾಹ್ನ ಸುಲೇಪೇಟದ ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದೆ.

ಪಕ್ಕದ ಮೇಜಿನಲ್ಲಿ ಅರವತ್ತು ದಾಟಿದ ಒಬ್ಬರು ಕುಳಿತಿದ್ದರು. ಅಂಗಿಯ ಗುಂಡಿ ಕೊರಳವರೆಗೂ ಹಾಕಿದ್ದರು. ಎದುರಿಗಿದ್ದ ಮಂಡಕ್ಕಿಯ ಸುಸಲಾ ಮುಟ್ಟಿರಲಿಲ್ಲ.

"ದಂಡೋತಿಗಿ ದಾರಿ ಯಾವದ್ರಿ?" ಎಂದು ನನ್ನನ್ನು ಕೇಳಿದರು.

"ಸೇಡಂ ಮ್ಯಾಲಿಂದ ಹೋಗ್ರಿ. ನಾನೂ ಆ ಕಡಿಗೇ ಹೊಂಟೀನಿ. ಅಲ್ಲಿ ಯಾರ ಮನಿಗಿ?"

"ನಂದೇ ಮನಿ. ನಾ ಹುಟ್ಟಿದ್ದೇ ಅಲ್ಲಿ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ನನ್ನತ್ತ ತಿರುಗಿ, ನನ್ನನ್ನು ಮೊದಲ ಸಲ ನೋಡುವವರಂತೆ, "ದಂಡೋತಿಗಿ ದಾರಿ ಯಾವದ್ರಿ?" ಎಂದರು. ಹೋಟೆಲಿನಲ್ಲಿದ್ದವರೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರು. ಈ ಹಿರಿಯರ ಹಣೆ ಮಾತ್ರ ಕೆಂಪಾಗಿ, ಒಣಗಿಕೊಂಡಿತ್ತು.

ಅವರು ಎದ್ದು ಹೋಗಿ ಮೊಪೆಡ್ ಚಾಲೂ ಮಾಡಿದಾಗ ಹೋಟೆಲಿನ ಮಾಲೀಕನಿಗೆ ಹೇಳಿದೆ, "ಅವ್ರಿಗಿ ಆರಾಮ ಇದ್ದಂಗಿಲ್ಲ. ನಿಲ್ಲಸ್ರಿ."

"ವಯಸ್ಸಾದವ್ರು, ಮರವು ಇರ್ತದ ಬಿಡ್ರಿ ಅಕ್ಕಾರ," ಎಂದ ಆತ.

ನಾನು ಬಾಟಲಿಗಳಿಗೆ ನೀರು ತುಂಬಿಸಿಕೊಂಡು ಹೊರಟೆ. ದಾರಿಯ ಎರಡೂ ಕಡೆ ತೊಗರಿ ಕಿತ್ತ ಕರಿ ಹೊಲ, ಬಿರುಕು ಬಿಟ್ಟಿತ್ತು. ಒಂದು ನಾಯಿ ಕೂಡ ಕಾಣಲಿಲ್ಲ. ಬಹಳ ದೂರದಲ್ಲಿ ಝಳದೊಳಗೆ ಅವರ ಬಿಳಿ ಅಂಗಿ ಒಮ್ಮೊಮ್ಮೆ ನೆಲದಿಂದ ಮೇಲೆ ತೇಲಿದಂತೆ ಕಂಡು ಇಲ್ಲವಾಗುತ್ತಿತ್ತು. ನಾನು ವೇಗ ಹೆಚ್ಚಿಸಿದೆ.

ಒಂದು ತಿರುವಿನಾಚೆ ಮೊಪೆಡ್ ದಾರಿ ಮಗ್ಗುಲಿಗೆ ಬಿದ್ದಿತ್ತು. ಇಂಜಿನ್ ಇನ್ನೂ ನಡೆದಿತ್ತು. ಮನುಷ್ಯ ಇರಲಿಲ್ಲ. ಕೂಗಿದೆ. ನನ್ನ ದನಿ ಅಷ್ಟು ಸಣ್ಣದು ಎಂದು ಅವತ್ತೇ ಗೊತ್ತಾದದ್ದು.

ಹೊಲದೊಳಗೆ, ನೆರಳೇ ಇಲ್ಲದ ಒಂದು ಜಾಲಿ ಗಿಡದ ಬುಡಕ್ಕೆ ಅವರು ಕುಳಿತಿದ್ದರು. "ಒಳಗ ಬಾರವಾ, ಬಾಗಲದಾಗ ಯಾಕ ನಿಂತಿ," ಎಂದು ನನ್ನ ಹಿಂದೆ ನೋಡುತ್ತ ಹೇಳಿದರು. ತಿರುಗಿ ನೋಡಿದೆ. ಬರೀ ಹೊಲ. ಮೈ ಮುಟ್ಟಿದರೆ ಸುಡುತ್ತಿತ್ತು. ಇದ್ದ ನೀರನ್ನೆಲ್ಲ ಅವರ ತಲೆ, ಕೊರಳು, ಎದೆಗೆ ಸುರಿದೆ. ದಾರಿಗೆ ಓಡಿ, ಬಂದ ಜೀಪೊಂದನ್ನು ಕೈಯಡ್ಡ ಹಿಡಿದು ನಿಲ್ಲಿಸಿದೆ. ಅದರಲ್ಲಿದ್ದವರು, "ಝಳ ಬಡದದ, ಸೇಡಂ ದವಾಖಾನಿಗಿ ಒಯ್ತೀವಿ," ಎಂದು ಅವರನ್ನು ಎತ್ತಿ ಹಾಕಿಕೊಂಡು ಹೋದರು.

ಸೇಡಂನಲ್ಲಿ ನೀರು ತುಂಬಿಸಿಕೊಳ್ಳಬೇಕು ಎಂದುಕೊಂಡಿದ್ದೆ. ಸೇಡಂ ಯಾವಾಗ ದಾಟಿತೋ ಇಂದಿಗೂ ನೆನಪಿಲ್ಲ. ಬಸ್ ನಿಲ್ದಾಣವಿಲ್ಲ, ಅಂಗಡಿಗಳಿಲ್ಲ, ನನ್ನ ನೆನಪಿನಲ್ಲಿ ಆ ಊರೇ ಇಲ್ಲ. ನೆನಪಿರುವುದು ಚಳಿ. ಆ ಬಿಸಿಲಿನಲ್ಲಿ ತೋಳಿನ ರೋಮ ನಿಮಿರಿದ್ದವು, ಹಾಯೆನಿಸಿತ್ತು. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಮುಂದೆ ಕಾಗಿಣಾ ನದಿಯ ಸೇತುವೆ. ದಂಡೋತಿಯ ಒಂದು ಮನೆಯ ಮುಂದೆ ನನ್ನಷ್ಟೇ ವಯಸ್ಸಿನ ಹೆಂಗಸು ನಿಂತಿದ್ದಳು. "ಶಹಾಬಾದಿಗಿ ದಾರಿ ಯಾವದ್ರಿ?" ಎಂದು ಕೇಳಿದೆ.

ಆಕೆ ನನ್ನನ್ನೇ ನೋಡಿದಳು. "ಅಕ್ಕಾರ, ಈಗಷ್ಟೇ ಇದನ್ನೇ ಕೇಳಿದ್ರಲ್ಲ. ಹೇಳೀನಲ್ಲ."

ನಾನು ಹಣೆ ಮುಟ್ಟಿಕೊಂಡೆ. ಒಣಗಿತ್ತು. ಗಾಡಿಯಿಂದ ಇಳಿಯಲು ಆಗದೆ ಹ್ಯಾಂಡಲ್ ಬಿಗಿಹಿಡಿದೆ.

"ಗಾಡಿ ಬಿಡ್ರಿ. ಕೈ ಬಿಡ್ರಿ ಅಂತೀನಿ," ಎಂದು ಆಕೆ ಹ್ಯಾಂಡಲ್‌ನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಕೆ, ಆಕೆಯ ಸೊಸೆ ಕೂಡಿ ನನ್ನನ್ನು ಒಳಗೆ ಎಳೆದೊಯ್ದು, ಬಚ್ಚಲಲ್ಲಿ ಕೂರಿಸಿ ಕೊಡಗಟ್ಟಲೆ ನೀರು ಹಾಕಿದರು. ಬಹಳ ಹೊತ್ತಿನ ಮೇಲೆ ನಡುಕ ಬಂತು, ಅಳುವೂ ಬಂತು.

ಸಂಜೆ ಸೇಡಂ ದವಾಖಾನೆಯಿಂದ ಆ ಮನೆಗೆ ಫೋನ್ ಬಂತು. ಮಾತು ಮುಗಿಸಿ ಆಕೆ ನನ್ನ ಹತ್ತಿರ ಕುಳಿತಳು. "ಹಿಂದಿನ ಓಣಿಯ ಕಾಕಾಗ ಹೊಲದಾಗ ನೀರು ಹಾಕಿದಾಕಿ ನೀವೇ ಏನ್ರಿ?"

"ಹ್ಯಾಂಗ ಅದಾರ?"

"ಉಸಿರು ಅದ. ಯಾರ ಗುರ್ತೂ ಹತ್ತವಲ್ದಂತ."

ಮರುದಿನ ನನ್ನನ್ನು ಬಸ್ಸಿಗೆ ಹತ್ತಿಸಿದರು. ಗಾಡಿ ಅವರ ಅಂಗಳದಲ್ಲೇ ಉಳಿಯಿತು. ಕೆಲವು ದಿನ ಬಿಟ್ಟು ಅದನ್ನು ತರಲು ಹೋದಾಗ ಆ ಹಿರಿಯರ ಮನೆಗೂ ಹೋದೆ. ಹೊರಸಿನ ಮೇಲೆ ಕುಳಿತಿದ್ದರು. ಅವರ ಹೆಂಡತಿ ಕಿವಿಯ ಹತ್ತಿರ ಬಾಗಿ, "ನಿಮಗ ನೀರು ಹಾಕಿ ಉಳಿಸಿದವ್ರು ಇವ್ರು," ಎಂದರು. ಅವರು ಕೈ ಮುಗಿದರು. ಕಣ್ಣಲ್ಲಿ ಗುರುತು ಇರಲಿಲ್ಲ.

"ನನಗೂ ಹಿಂಗೇ ಕೈ ಮುಗೀತಾರ್ರಿ," ಎಂದರು ಅವರ ಹೆಂಡತಿ.

ಚಿತ್ತಾಪುರ ದಾಟಿ ಮನೆಯ ದಾರಿ ಹಿಡಿದೆ. ಬಿಸಿಲು ಅವತ್ತಿನಷ್ಟೇ ಇತ್ತು. ರಾವೂರ ಹತ್ತಿರದ ಕಲ್ಲುಗಣಿಯಲ್ಲಿ ಗಂಡಸರು, ಹೆಂಗಸರು ತಲೆಗೊಂದು ಬಟ್ಟೆ ಸುತ್ತಿಕೊಂಡು ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸುತ್ತಿದ್ದರು.