ಎರಡು ಹೆಸರಿನ ಊರಿಗೆ ಒಬ್ಬ ಹರ್ಬರ್ಟ್

ಕಡಲಾಚೆಯ ಕಿಲೆಲೆಶ್ವಾ ಬಡಾವಣೆಯ ಹರ್ಬರ್ಟ್ ಲೋಬೊ ಅವರ ಕೈಯಲ್ಲಿ ಖಡ್ಗವಿರಲಿಲ್ಲ, ಬಾಯಲ್ಲಿ ಗರ್ಜನೆಯಿರಲಿಲ್ಲ. ಇದ್ದ ಒಂದೇ ಆಯುಧ ತಲೆ. ಅದನ್ನೂ ಅವರು ಆಡಿಸುವುದಕ್ಕಷ್ಟೇ ಬಳಸುತ್ತಿದ್ದರು. ತಲೆಯಾಡಿಸಿಯೇ ಮಂಗಳೂರು ಬಿಟ್ಟರು, ತಲೆಯಾಡಿಸಿಯೇ ಜೆನೆವಿವ್ ಅವರನ್ನು ಮದುವೆಯಾದರು, ಔಷಧ ಕಂಪನಿಯಲ್ಲಿ ಎಲ್ಲರ ಕೆಲಸಕ್ಕೂ ತಲೆಯಾಡಿಸಿ ನಿವೃತ್ತರಾದರು.

ಇಂಥ ವೀರನನ್ನು ವಿಧಿ ತಂದು ಕೂರಿಸಿದ್ದು ಎರಡು ಸೈನ್ಯಗಳ ನಡುವಿನ ಮಹಡಿಯಲ್ಲಿ. ಮೇಲಿನ ಫ್ಲ್ಯಾಟಿನಲ್ಲಿ ಮುದುಕ ಲಾಂಬ್ರೊಸ್, ಕೆಳಗಿನದರಲ್ಲಿ ಅವನ ತಮ್ಮ ಥಿಮಿಯೊಸ್. ಇಬ್ಬರೂ ಗ್ರೀಸಿನ ಬೆಟ್ಟದ ಒಂದು ಹಳ್ಳಿಯವರು. ಒಂದು ಇಗರ್ಜಿ, ಒಂದು ಚಿಲುಮೆ, ಮನುಷ್ಯರಿಗಿಂತ ಹೆಚ್ಚು ಆಡುಗಳು, ಅಷ್ಟೇ ಆ ಊರು. ಆದರೆ ಹೆಸರು ಮಾತ್ರ ಎರಡು. ಹಿಂದಿನಿಂದ ಬಂದದ್ದು ಬೊರ್ದೋವಾ. ಅದು ಪರಕೀಯರ ಹೆಸರೆಂದು ಸರ್ಕಾರ ಅಳಿಸಿ ಇಟ್ಟದ್ದು ಅನೆಮೊಖೊರಿ. ಅಣ್ಣನಿಗೆ ಅಜ್ಜಿ ಕರೆದದ್ದೇ ಊರು, ತಮ್ಮನಿಗೆ ಶಾಲೆ ಕಲಿಸಿದ್ದೇ ಊರು. ಇದೇ ಜಗಳದಲ್ಲಿ ಮಾತು ನಿಂತು ವರ್ಷಗಳಾಗಿದ್ದವು. ಮೇಲಿನವನ ಮನೆಯಲ್ಲಿ ಉಪ್ಪು ಮುಗಿದರೆ ಕೆಳಗಿನಿಂದ ಹರ್ಬರ್ಟ್ ಹೊತ್ತು ತರಬೇಕು.

ಲಾಂಬ್ರೊಸ್ ಆಸ್ಪತ್ರೆಯಲ್ಲಿ ಹರ್ಬರ್ಟರ ಕೈ ಹಿಡಿದ. "ನನ್ನ ಗೋರಿಯ ಕಲ್ಲಿನ ಮೇಲೆ ಬೊರ್ದೋವಾ ಅಂತ ಇರಬೇಕು. ಮಾತು ಕೊಡು."

ಹರ್ಬರ್ಟ್ ತಲೆಯಾಡಿಸಿದರು. ಅವನು ನೆಮ್ಮದಿಯಾಗಿ ಸತ್ತ.

ಸಮಾಧಿಯಾದ ಮರುದಿನ ಥಿಮಿಯೊಸ್ ಕರೆದ. "ನನ್ನ ಕಾಲು ನಡೆಯುವುದಿಲ್ಲ, ಕಲ್ಲು ನೀನೇ ಮಾಡಿಸು. ಅನೆಮೊಖೊರಿ ಅಂತ ಕೆತ್ತಿಸು. ಮಾತು ಕೊಡು."

ಹರ್ಬರ್ಟ್ ಮತ್ತೆ ತಲೆಯಾಡಿಸಿದರು.

"ಇಬ್ಬರಿಗೂ ಹೂಂ ಅಂದ್ರಾ?" ಜೆನೆವಿವ್ ಬಂಗುಡೆ ತೊಳೆಯುವುದನ್ನು ನಿಲ್ಲಿಸಿದರು. "ನಿಮ್ಮ ಕುತ್ತಿಗೆಗೆ ಪ್ಲಾಸ್ಟರ್ ಹಾಕಿಸ್ಬೇಕು ಮಾರಾಯ್ರೆ."

"ಸಾಯುವವನಿಗೆ ಇಲ್ಲ ಅನ್ನುವುದು ಹೇಗೆ?"

"ಥಿಮಿಯೊಸ್ ಸಾಯ್ತಾ ಇರ್ಲಿಲ್ಲವಲ್ಲ."

"ಅವ ಅಳ್ತಾ ಇದ್ದ, ಜೆನ್ನಿ."

ಪಂಗಾನಿಯ ಕಲ್ಲಿನಂಗಡಿಗೆ ಹರ್ಬರ್ಟ್ ದಂಡಯಾತ್ರೆ ಹೊರಟರು. ಮಟಾಟು ವ್ಯಾನುಗಳ ನಡುವೆ ಕಾರು ತೆವಳುತ್ತಿದ್ದಾಗ ಸತ್ತವನ ಪಕ್ಷ, ಅಂಗಡಿ ಮುಟ್ಟುವಾಗ ಬದುಕಿದವನ ಪಕ್ಷ, ಇಳಿಯುವಾಗ ಯಾವ ಪಕ್ಷವೂ ಇಲ್ಲ. ಹೆಸರು, ವರ್ಷ ಎಲ್ಲ ಕೆತ್ತಿ ಮುಗಿಸಿದ್ದ ಕಲ್ಲುಕುಟಿಗ ಓಟಿಯೆನೊ ಉಳಿ ಹಿಡಿದು ಕೇಳಿದ: "ಊರು ಯಾವುದು?"

ಹರ್ಬರ್ಟ್ ಬೆವರು ಒರೆಸಿದರು.

ಓಟಿಯೆನೊ ಕಾದು ಕಾದು ಬೇಸತ್ತ. "ಸದ್ಯಕ್ಕೆ ಖಾಲಿ ಬಿಡಲಾ? ಸವಾ? ಸರಿನಾ?"

ತಲೆ ತಾನಾಗಿಯೇ ಆಡಿತು.

ಕಲ್ಲು ನಿಲ್ಲಿಸಿದ ದಿನ ಥಿಮಿಯೊಸ್ ಹರ್ಬರ್ಟರ ತೋಳು ಹಿಡಿದು ಬಂದ. 'ಹುಟ್ಟೂರು' ಎಂಬುದರ ಮುಂದಿನ ನುಣುಪು ಜಾಗದ ಮೇಲೆ ಬಹಳ ಹೊತ್ತು ಬೆರಳಾಡಿಸಿದ. ಬೈಗುಳಕ್ಕೆ ಹರ್ಬರ್ಟ್ ಕುತ್ತಿಗೆ ಒಡ್ಡಿ ನಿಂತರು.

"ಅವನಿಗೂ ಮಾತು ಕೊಟ್ಟಿದ್ದೆಯಾ?"

ಹರ್ಬರ್ಟ್ ನೆಲ ನೋಡಿದರು.

"ಅಲ್ಲಿ ಈಗ ಯಾರೂ ಇಲ್ಲ," ಎಂದ ಮುದುಕ. "ಆ ಊರನ್ನು ಹೆಸರು ಹಿಡಿದು ಕರೆಯುವವನು ನಾನೊಬ್ಬನೇ. ನಾನೂ ಇವನ ಪಕ್ಕ ಬಂದ ಮೇಲೆ ಇಬ್ಬರಿಗೂ ಒಂದೇ ಹೆಸರು ಕೆತ್ತಿಸು. ಯಾವುದೆಂದು ನೀನೇ ನಿರ್ಧರಿಸು. ಮಾತು ಕೊಡು."

ಹಿಂದೆ ನಿಂತಿದ್ದ ಜೆನೆವಿವ್ ಗಂಡನ ಅಂಗಿ ಜಗ್ಗಿದರು. ಅಷ್ಟರಲ್ಲಿ ತಲೆ ಆಡಿಯಾಗಿತ್ತು.