ಹೊಡೆದವನೇ ಒತ್ತಬೇಕು

ಕಂಪೌಂಡರ್ ಕಾಕಾ ಅವರ ಎಡಗೆನ್ನೆಯ ಮೇಲೆ ಐದು ಹೊಲಿಗೆಯ ಗುರುತಿತ್ತು, ನಾಲ್ಕನೆಯದು ಸೊಟ್ಟ. ಕುಡುಕನೊಬ್ಬ ಬಾಟಲಿಯಿಂದ ಸೀಳಿದಾಗ ಕನ್ನಡಿ ನೋಡಿಕೊಂಡು ತಾವೇ ಹಾಕಿಕೊಂಡದ್ದು. ಕೇಳಿದರೆ, "ನಾಕನೇದ ಹಾಕೂ ಮುಂದ ಸೀನ ಬಂತವ್ವಾ" ಎನ್ನುತ್ತಿದ್ದರು.

ಲೋಕಾಪುರದ ಆ ದವಾಖಾನೆಗೆ ಡಾಕ್ಟರು ವಾರಕ್ಕೆ ಮೂರೇ ದಿನ ಬರುತ್ತಿದ್ದರು. ಉಳಿದ ದಿನ ಎಲ್ಲವೂ ಕಾಕಾ ಅವರದೇ. ಜಮಖಂಡಿಯಲ್ಲಿ ನರ್ಸಿಂಗ್ ಮುಗಿಸಿ ಸೇರಿದ ನನಗೋ ಪುಸ್ತಕದ ಜಂಬ. ಮೊದಲ ವಾರ ರಕ್ತ ನೋಡಿ ಹಿಂದೆ ಸರಿದಾಗ ಬೆನ್ನಿಗೊಂದು ಗುದ್ದು ಬಿತ್ತು. ಬಡಿದಾಡಿಕೊಂಡು ಬಂದವರಿಗೆ ಸೂಜಿಗಿಂತ ಮೊದಲು ಬೈಗುಳ. ಅವರದೊಂದು ಕಾಯಿದೆ ಇತ್ತು: ಗಾಯವನ್ನು ಹೊಡೆದವನೇ ಒತ್ತಿ ಹಿಡಿಯಬೇಕು. "ಹೊಡದಾಂವ ಎಲ್ಲಿ? ಕರೀರಿ ಅವನ್ನ, ಒತ್ತಲಿ!" ಎಂದು ಕೂಗುತ್ತಿದ್ದರು. ಇದೆಂಥ ಹುಚ್ಚಾಟ ಎಂದು ನಾನು ಬಾಯಿಬಿಟ್ಟೇ ಹೇಳಿದ್ದೆ.

ಒಂದು ಮಧ್ಯಾಹ್ನ ರನ್ನ ಬೆಳಗಲಿ ಊರಿನವನೊಬ್ಬನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಬಾವಿ ನೀರಿನ ಪಾಳಿಗಾಗಿ ಜಗಳವಾಗಿ, ಒಡಹುಟ್ಟಿದ ತಮ್ಮನೇ ಕಬ್ಬು ಕಡಿಯುವ ಕೊಯ್ತಾದಿಂದ ಹೆಗಲಿಗೆ ಕಡಿದಿದ್ದ. ಎಲುಬು ಕಾಣುತ್ತಿತ್ತು. ಕಾಕಾ ಬಟ್ಟೆ ಇಟ್ಟು ಒತ್ತುವಷ್ಟರಲ್ಲಿ ಆ ತಮ್ಮ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಅದೇ ಕೊಯ್ತಾ. ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಲು ಬಂದಿದ್ದ. ಜನ ದಿಕ್ಕಾಪಾಲಾದರು. ನಾನು ಮೇಜಿನ ಕೆಳಗೆ ಹೊಕ್ಕೆ. ಹೇಳಿಕೊಳ್ಳಲು ನಾಚಿಕೆಯೇನು, ಹೆದರಿದ್ದೆ.

ಕಾಕಾ ಒಂದು ಕೈಯನ್ನು ಗಾಯದ ಮೇಲಿಂದ ತೆಗೆಯಲಿಲ್ಲ, ಇನ್ನೊಂದನ್ನು ಅಡ್ಡ ಹಿಡಿದರು. ಬೀಸಿದ ಕೊಯ್ತಾ ಮುಂಗೈ ಸೀಳಿತು. ರಕ್ತ ಸುರಿಯುವ ಆ ಕೈಯಿಂದಲೇ ಅವನ ಕೆನ್ನೆಗೆ ಬಾರಿಸಿದರು.

"ನನ್ನ ಕೈ ಸೋಲಾಕತ್ತೈತಿ ಲೇ. ನಾ ಬಿಟ್ರ ನಿಮ್ಮಣ್ಣ ಹೋಗ್ತಾನ. ಕೊಲ್ಲೂದಿದ್ರ ಸುಮ್ನ ನಿಂದ್ರು. ಇಲ್ಲಂದ್ರ ಬಂದು ಒತ್ತು!"

ಕೊಯ್ತಾ ನೆಲಕ್ಕೆ ಬಿತ್ತು. ಅವನು ಬಂದು ಒತ್ತಿದ. ಅಣ್ಣನ ಬಿಸಿ ರಕ್ತ ಬೆರಳಿಗೆ ತಾಗಿದ್ದೇ ತಡ, ಗೊಳೋ ಎಂದು ಅತ್ತ. "ಅವ್ವ ಯಾವಾಗ್ಲೂ ಬಿಸಿ ರೊಟ್ಟಿ ಇವಗ ಕೊಡ್ತಿದ್ಲರಿ, ನನಗ ತಂಗಳ."

ಮಲಗಿದ್ದ ಅಣ್ಣ ಹಲ್ಲು ಕಚ್ಚಿಕೊಂಡೇ ಅಂದ: "ಸುಳ್ಳ ಹೇಳ್ತೀ ಏನ್ಲೇ? ಬಿಸೀವು ಎಲ್ಲಾ ನಿನಗ!"

ಅವನು ಬದುಕಿದ. ಕಾಕಾ ಸೀಳಿದ ಕೈಗೆ ಬಟ್ಟೆ ಸುತ್ತಿಕೊಂಡೇ ಅವನನ್ನು ಹೊಲಿದು ಮುಗಿಸಿದ ಮೇಲೆ, ನಾನು ಅವರ ಮುಂಗೈ ಹೊಲಿದೆ.

ಈಗ ನಾನು ಇಂಗ್ಲೆಂಡಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿದ್ದೇನೆ. ಇಲ್ಲಿನ ಕೆಲವರ ಕಾರಿನ ಬೆಲೆಗೆ ಲೋಕಾಪುರದಲ್ಲಿ ಮನೆ ಕಟ್ಟಬಹುದು. ದೂರುಗಳು ಮಾತ್ರ ಅವೇ: ಮೊಣಕಾಲು, ನಿದ್ದೆ, ಸೊಸೆ, ಪಕ್ಕದ ಮನೆಯವರ ಗದ್ದಲ. ಹೋದ ವರ್ಷ, ಅರವತ್ತು ದಾಟಿದ ಶ್ರೀಮಂತನೊಬ್ಬ ಬೇಲಿಯ ಜಗಳದಲ್ಲಿ ಅಣ್ಣನ ತಲೆಯನ್ನು ಸಲಿಕೆಯಿಂದ ಒಡೆದು, ತಾನೇ ಕಾರಿನಲ್ಲಿ ಕರೆತಂದ. ನಾನು ಯೋಚಿಸಲೂ ಇಲ್ಲ, ಅವನ ಕೈ ಎಳೆದು ಗಾಯದ ಮೇಲಿಟ್ಟು, ಒತ್ತು ಎಂದೆ. ಒತ್ತಿದ, ಅತ್ತ. ಅಮ್ಮ ಯಾವಾಗಲೂ ಇವನ ಪರವೇ ಎಂದ! ಆ ದಿನವೇ ಕಾಕಾಗೆ ಫೋನು ಮಾಡಿ ಹೇಳಿದೆ.

"ಅಲ್ಲೂ ರೊಟ್ಟೀ ಜಗಳಾನ ಏನ?" ಎಂದು ನಕ್ಕರು. "ಇರಲಿ ಬಿಡು. ನನ್ನ ಮೊಣಕಾಲ ಭಾಳ ನೋಯಾಕತ್ತೈತಿ, ಅಲ್ಲಿಂದ ಛಲೋ ಗುಳಿಗಿ ಕಳಸವ್ವಾ."

ಗುಳಿಗೆ ಕಳಿಸುವುದು ಇಂದು ನಾಳೆ ಎಂದು ಮುಂದೆ ಹೋಯಿತು. ಮೊನ್ನೆ ಫೋನು ಬಂತು. ಮಾತಾಡಿದವನು ರನ್ನ ಬೆಳಗಲಿಯ ಆ ತಮ್ಮ. ದವಾಖಾನೆಯ ಸಾಲಿನಲ್ಲಿ ಪಾಳಿ ತಪ್ಪಿಸಬೇಡ ಎಂದದ್ದಕ್ಕೆ ಯಾವನೋ ಕಾಕಾನ ತಲೆಗೆ ಇಟ್ಟಂಗಿಯಿಂದ ಜಜ್ಜಿ ಓಡಿಹೋದನಂತೆ. ಈ ತಮ್ಮನೇ ಮುಧೋಳದ ದೊಡ್ಡ ದವಾಖಾನೆಗೆ ಒಯ್ಯುವಾಗ, ಜೀಪಿನಲ್ಲಿ ಕಾಕಾ ಒಂದೇ ಮಾತು ಅಂದರಂತೆ: "ಹೊಡದಾಂವ ಎಲ್ಲಿ? ಕರೀರಿ ಅವನ್ನ."

ಆ ನೀಚ ಎದುರಿಗೆ ಸಿಕ್ಕಿದ್ದರೆ ನಾನೇ ಅವನ ತಲೆ ಒಡೆಯುತ್ತಿದ್ದೆ, ಖಂಡಿತ. ಆಮೇಲೆ ಕಾಕಾನ ಕಾಯಿದೆಯಂತೆ ನಾನೇ ಒತ್ತಬೇಕಾಗುತ್ತಿತ್ತು.

"ಅಂವ ಸಿಗಲಿಲ್ರಿ ಅಕ್ಕಾರ," ಎಂದ ತಮ್ಮ. "ನಾನ ಒತ್ತಿದ್ನಿರಿ. ಜೀವ ಹೋದ ಮ್ಯಾಲೂ ಮುಧೋಳ ಬರೂತನಾ ಕೈ ತಗೀಲಿಲ್ಲ."